ಕಟ್ಟುಕಥೆ ಬಗ್ಗೆ ಬರೆದರೆ ಬಹುಮಾನ ಯಾರು ಕೊಡ್ತಾರ್ರಿ?

ಸುರಪುರದಿಂದ ಲಿಂಗಸುಗೂರಿನ ಕಡೆ ಹೊರಟ ಬಸ್ಸಿಗೆ ಕೃಷ್ಣಾ ನದಿಯ ಬ್ರಿಡ್ಜಿಗೆ ಮೊದಲು ಸಿಗುವ ಊರು ತಿಂಥಣಿ. ಮೌನೇಶ್ವರರ ಊರು. ಹಿಂದೂಗಳಿಗೆ ಮೌನಪ್ಪಯ್ಯ, ಮುಸ್ಲಿಮರಿಗೆ ಮೌನುದ್ದೀನ್. ಜಾತ್ರೆಗೆ ಇಬ್ಬರೂ ಬರುತ್ತಾರೆ. ಆದಿಲಶಾಹಿ ಕಾಲದ ಈ ವಚನಕಾರ ಹುಟ್ಟಿದ್ದು ಹತ್ತಿರದ ದೇವರಗೋನಾಲದ ವಿಶ್ವಕರ್ಮರ ಮನೆಯಲ್ಲಿ. ಅವರ ಪವಾಡಗಳನ್ನು ಹೇಳುವವರು ಒಂದೊಂದು ಓಣಿಯಲ್ಲೂ ಇದ್ದಾರೆ. ಇನ್ನೊಂದು ದಿಕ್ಕಿಗೆ ಕೊಡೇಕಲ್ಲು. ಮುಂದಾಗುವುದನ್ನು ಮೊದಲೇ ಹೇಳಿದರೆಂದು ನಾಡೆಲ್ಲ ನಂಬಿದ ಕೊಡೇಕಲ್ಲ ಬಸವಣ್ಣನ ನೆಲೆ ಅದು.

ಅಂದರೆ ಈ ಸೀಮೆಯಲ್ಲಿ ಅದ್ಭುತದ ಕಥೆಗೆ ಬರವಿಲ್ಲ. ಆ ಕಥೆಗಳನ್ನು ಕೈಗೆತ್ತಿಕೊಂಡು, ಇದು ಹೀಗೇಕೆ ಕಟ್ಟಿಕೊಂಡಿತು ಎಂದು ಗದ್ಯದಲ್ಲಿ ಬರೆಯುವವರು ಕಡಿಮೆ. ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ ಬರುವ ಉತ್ತರ: "ಕಟ್ಟುಕಥಿ ಬರದವರಿಗೇ ಬಹುಮಾನ ಸಿಗೂದು ಕಷ್ಟ, ಅದರ ಬಗ್ಗೆ ಬರದವರಿಗೆ ಯಾರ್ ಕೊಡ್ತಾರ್ರಿ?" ಕೊಡುತ್ತಾರೆ. ಹೊರಗೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಕೊಡುತ್ತ ಬಂದಿದ್ದಾರೆ. ನಮ್ಮಲ್ಲೂ ಬೇರೆ ಹೆಸರಿನಲ್ಲಿ ಆಗಾಗ ಕೊಟ್ಟಿದ್ದಾರೆ. ಈ ಬಗ್ಗೆ ಇರುವ ತಿಳಿವಳಿಕೆಯಲ್ಲಿ ಸರಿಗಿಂತ ತಪ್ಪೇ ಜಾಸ್ತಿ.

ತಪ್ಪು ಕಲ್ಪನೆ: ವಿಜ್ಞಾನಕಥೆ, ಅದ್ಭುತಕಥೆಗಳ ಲೋಕದಲ್ಲಿ ಬಹುಮಾನವೆಲ್ಲ ಕಥೆಗಾರರಿಗೇ

ವಾಸ್ತವ: 1970ರಲ್ಲಿ ಅಮೆರಿಕದ ಸೈನ್ಸ್ ಫಿಕ್ಷನ್ ರಿಸರ್ಚ್ ಅಸೋಸಿಯೇಷನ್ ಹುಟ್ಟಿದ ವರ್ಷವೇ ಪಿಲ್‌ಗ್ರಿಮ್ ಪ್ರಶಸ್ತಿ ಶುರುವಾಯಿತು. ಅದು ಕಥೆ ಬರೆದವರಿಗಲ್ಲ, ವಿಜ್ಞಾನಕಥೆಯ ಅಧ್ಯಯನಕ್ಕೆ ಆಯುಷ್ಯ ಕೊಟ್ಟವರಿಗೆ. ಮೊದಲು ಪಡೆದವರು ಜೆ. ಓ. ಬೇಲಿ. 1947ರಲ್ಲಿ ಬಂದ ಅವರ 'ಪಿಲ್‌ಗ್ರಿಮ್ಸ್ ಥ್ರೂ ಸ್ಪೇಸ್ ಅಂಡ್ ಟೈಮ್' ಎಂಬ ಅಧ್ಯಯನ ಗ್ರಂಥದ ಹೆಸರನ್ನೇ ಪ್ರಶಸ್ತಿಗೆ ಇಟ್ಟಿದ್ದರು. ಮರುವರ್ಷ, 1971ರಲ್ಲಿ, ಮಿಥೊಪೊಯಿಕ್ ಸೊಸೈಟಿ ಎಂಬ ಓದುಗರ ಕೂಟ ಅದ್ಭುತಕಥೆಗಾರ ಟೋಲ್ಕಿನ್ ಮತ್ತು ಅವರ ಗೆಳೆಯರ ಬಳಗದ ಕುರಿತ ವಿದ್ವತ್ತಿಗೆ ಪ್ರಶಸ್ತಿ ಕೊಡತೊಡಗಿತು. 1992ರಿಂದ ಪುರಾಣ ಮತ್ತು ಅದ್ಭುತ ಸಾಹಿತ್ಯದ ಅಧ್ಯಯನಕ್ಕೆ ಇನ್ನೊಂದು ವಿಭಾಗ ಸೇರಿತು. ಈ ಲೋಕದ ಅತಿ ಹೆಸರಾದ ಹ್ಯೂಗೊ ಪ್ರಶಸ್ತಿ 1953ರಷ್ಟು ಹಳೆಯದು. ಅದರಲ್ಲಿ ಕಥೆಯಲ್ಲದ ಪುಸ್ತಕಕ್ಕೆ ಪ್ರತ್ಯೇಕ ವಿಭಾಗ ಬಂದದ್ದು 1980ರಲ್ಲಿ.

ಆ ಮೊದಲ ವರ್ಷ ಗೆದ್ದದ್ದು ಪೀಟರ್ ನಿಕೊಲ್ಸ್ ಸಂಪಾದಿಸಿದ ವಿಜ್ಞಾನಕಥೆಯ ವಿಶ್ವಕೋಶ. ಯಾರು ಬರೆದರು, ಯಾವಾಗ ಬರೆದರು, ಯಾವ ಕಲ್ಪನೆ ಯಾರಿಂದ ಯಾರಿಗೆ ಹೋಯಿತು ಎಂಬುದರ ದಪ್ಪ ಕೋಶ. ಆರ್. ನರಸಿಂಹಾಚಾರ್ಯರು ಮೂರು ಸಂಪುಟಗಳ 'ಕರ್ಣಾಟಕ ಕವಿಚರಿತೆ'ಯಲ್ಲಿ ಕನ್ನಡ ಕವಿಗಳಿಗೆ ಮಾಡಿದ ಕೆಲಸವನ್ನು ಇವರು ಗಗನನೌಕೆಯ ಕಥೆಗಳಿಗೆ ಮಾಡಿದರು ಎನ್ನಬಹುದು. ಜನ ಯಾವುದನ್ನು ಹುಡುಗಾಟಿಕೆ ಎಂದು ತಳ್ಳಿದ್ದರೋ ಅದಕ್ಕೆ ಕೋಶ ಬಂದ ಮೇಲೆ ತಳ್ಳುವುದು ಅಷ್ಟು ಸುಲಭವಾಗಲಿಲ್ಲ.

ತಪ್ಪು ಕಲ್ಪನೆ: ಹ್ಯೂಗೊ ಅಂದರೆ ದೊಡ್ಡ ವಿದ್ವಾಂಸರ ಸಮಿತಿ, ದೊಡ್ಡ ಮೊತ್ತ

ವಾಸ್ತವ: ಎರಡೂ ಅಲ್ಲ. ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ದುಡ್ಡು ಕಟ್ಟಿ ಸದಸ್ಯರಾದ ಓದುಗರೇ ಹೆಸರು ಸೂಚಿಸಿ, ಅವರೇ ಮತ ಹಾಕುತ್ತಾರೆ. ಗೆದ್ದವರಿಗೆ ಸಿಗುವುದು ರಾಕೆಟ್ ಆಕಾರದ ಟ್ರೋಫಿ; ನಗದು ಒಂದು ರೂಪಾಯಿಯೂ ಇಲ್ಲ. ಓದುಗರ ಮತ ಎಂದ ಮೇಲೆ ಗುಂಪುಗಾರಿಕೆಯೂ ಬಂದೇ ಬರುತ್ತದೆ. 2015 ಮತ್ತು 2016ರಲ್ಲಿ ಒಂದು ಬಣ ಒಟ್ಟಾಗಿ ಪಟ್ಟಿ ತುಂಬಿಸಿತು. ಉಳಿದ ಮತದಾರರು ಎರಡೂ ವರ್ಷ ಕಥೆಯಲ್ಲದ ಬರಹದ ವಿಭಾಗದಲ್ಲಿ 'ಯಾರಿಗೂ ಬೇಡ' ಎಂಬ ಆಯ್ಕೆಗೇ ಮತ ಒತ್ತಿದರು. ಪಂಚಾಯಿತಿ ಎಲೆಕ್ಷನ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಮ್ಮ ಕೇಂದ್ರ ಸಾಹಿತ್ಯ ಅಕಾಡೆಮಿಯದು ಪೂರ್ತಿ ಬೇರೆ ದಾರಿ. ಪಟ್ಟಿ ಸೋಸಿ ಸೋಸಿ, ಕೊನೆಗೆ ಮೂವರು ತೀರ್ಪುಗಾರರು ಕೂತು ಒಂದು ಪುಸ್ತಕ ಆರಿಸುತ್ತಾರೆ. ಒಂದು ಲಕ್ಷ ರೂಪಾಯಿ, ತಾಮ್ರದ ಫಲಕ. ಹಿಂದಿನ ಕೆಲವು ವರ್ಷಗಳ ನಿಗದಿತ ಅವಧಿಯಲ್ಲಿ ಮೊದಲ ಮುದ್ರಣ ಕಂಡ ಪುಸ್ತಕವಾಗಿರಬೇಕು. ಕವಿತೆ, ಕಾದಂಬರಿ, ನಾಟಕ, ವಿಮರ್ಶೆ ಎಲ್ಲಕ್ಕೂ ಸೇರಿ ಒಂದು ಭಾಷೆಗೆ ವರ್ಷಕ್ಕೆ ಒಂದೇ. ಹಾಗಾಗಿ ವಿಮರ್ಶೆಯ ಪುಸ್ತಕವೊಂದು ಗೆದ್ದಿತು ಎಂದರೆ ಆ ವರ್ಷದ ಕಾದಂಬರಿ, ಕವಿತೆಗಳನ್ನೆಲ್ಲ ಹಿಂದೆ ಹಾಕಿ ಗೆದ್ದಂತೆ.

ತಪ್ಪು ಕಲ್ಪನೆ: ಹಾಗಿದ್ದರೆ ಅದೆಲ್ಲ ಪಂಡಿತರ ಅಡಿಟಿಪ್ಪಣಿಯ ಪುಸ್ತಕಗಳಿಗೆ ಮಾತ್ರ

ವಾಸ್ತವ: ಹ್ಯೂಗೊದ ಈ ವಿಭಾಗದ ಪಟ್ಟಿ ನೋಡಿದರೆ ಸಂತೆಯಷ್ಟೇ ಬಗೆಬಗೆ. 1981ರಲ್ಲಿ ಕಾರ್ಲ್ ಸಗಾನ್ ಅವರ 'ಕಾಸ್ಮೋಸ್' ಗೆದ್ದಿತು. ಅದು ಕಥೆಯೂ ಅಲ್ಲ, ಕಥೆಯ ವಿಮರ್ಶೆಯೂ ಅಲ್ಲ, ಶುದ್ಧ ಖಗೋಳ. 1982ರಲ್ಲಿ ಸ್ಟೀಫನ್ ಕಿಂಗ್ ಭಯಾನಕ ಕಥೆಗಳ ಬಗ್ಗೆ ಹರಟೆಯ ಧಾಟಿಯಲ್ಲಿ ಬರೆದ 'ಡಾನ್ಸ್ ಮಕಾಬ್ರ್'. 1995ರಲ್ಲಿ ಐಸಾಕ್ ಅಸಿಮೋವ್ ಅವರ ಆತ್ಮಕಥೆ. 2018ರಲ್ಲಿ ಅರ್ಸುಲಾ ಲೆ ಗ್ವಿನ್ ಮುಪ್ಪಿನ ದಿನಗಳಲ್ಲಿ ಬರೆದ ಪುಟ್ಟ ಪ್ರಬಂಧಗಳು. ಅದರಲ್ಲಿ ಅವರ ಮನೆಯ ಬೆಕ್ಕಿಗೂ ಜಾಗವಿದೆ. 2019ರಲ್ಲಿ ಅಭಿಮಾನಿಗಳೇ ಕಟ್ಟಿ ನಡೆಸುವ ಕಥೆಗಳ ಭಂಡಾರವೊಂದಕ್ಕೆ ಕೊಟ್ಟರು.

2020ರದ್ದು ಇನ್ನೂ ವಿಚಿತ್ರ. ಹಿಂದಿನ ವರ್ಷ ಡಬ್ಲಿನ್ ಸಮ್ಮೇಳನದಲ್ಲಿ ಜೆನೆಟ್ ಎನ್‌ಜಿ ಎಂಬ ಲೇಖಕಿ ಹೊಸ ಬರಹಗಾರರಿಗೆ ಕೊಡುವ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಜಾನ್ ಡಬ್ಲ್ಯು. ಕ್ಯಾಂಬೆಲ್ ಎಂಬ ಹಳೆಯ ಪ್ರಭಾವಿ ಸಂಪಾದಕನ ಹೆಸರಿನಲ್ಲಿತ್ತು. ವೇದಿಕೆ ಹತ್ತಿದ ಅವರು ಆತ ಫ್ಯಾಸಿಸ್ಟ್ ಆಗಿದ್ದ ಎಂದು ಮೊದಲ ಮಾತಿಗೇ ಹೇಳಿಬಿಟ್ಟರು. ಕೆಲವೇ ದಿನಗಳಲ್ಲಿ ಪ್ರಶಸ್ತಿಯ ಹೆಸರು ಬದಲಾಯಿತು. ಮರುವರ್ಷ ಆ ಚಿಕ್ಕ ಭಾಷಣಕ್ಕೇ ಹ್ಯೂಗೊ ಬಂತು! ಸನ್ಮಾನ ಮಾಡಿಸಿಕೊಂಡು ಹಾರ ತುರಾಯಿಯ ಭಾರಕ್ಕೆ ತಲೆ ಬಗ್ಗಿಸಿ ಕೂರುವ ನಮ್ಮ ವೇದಿಕೆಗಳಲ್ಲಿ ಇದನ್ನು ಊಹಿಸಿಕೊಳ್ಳುವುದೂ ಕಷ್ಟ.

ಕನ್ನಡದಲ್ಲೂ ಇಷ್ಟೇ ಧಾರಾಳತನ ಒಮ್ಮೊಮ್ಮೆ ಕಂಡಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನ. 'ಕಾಸ್ಮೋಸ್'ಗೆ ರಾಕೆಟ್ ಸಿಗುವುದಕ್ಕಿಂತ ಮೂರು ವರ್ಷ ಮೊದಲು.

ತಪ್ಪು ಕಲ್ಪನೆ: ಕನ್ನಡದಲ್ಲಿ ಸೃಜನಶೀಲರಿಗೆ ಮಣೆ, ಬರೆದದ್ದರ ಬಗ್ಗೆ ಬರೆಯುವವರಿಗೆ ಮೂಲೆ

ವಾಸ್ತವ: ಕೇಂದ್ರ ಸಾಹಿತ್ಯ ಅಕಾಡೆಮಿಯ ಪಟ್ಟಿ ತದ್ವಿರುದ್ಧ ಹೇಳುತ್ತದೆ. 1995ರಲ್ಲಿ ಕೀರ್ತಿನಾಥ ಕುರ್ತಕೋಟಿಯವರ 'ಉರಿಯ ನಾಲಗೆ', 1996ರಲ್ಲಿ ಬೇಂದ್ರೆ ಕಾವ್ಯದ ಮೇಲೆ ಜಿ.ಎಸ್. ಆಮೂರರ 'ಭುವನದ ಭಾಗ್ಯ', 1997ರಲ್ಲಿ ಎಂ. ಚಿದಾನಂದಮೂರ್ತಿಯವರ 'ಹೊಸತು ಹೊಸತು', 1999ರಲ್ಲಿ ಡಿ.ಆರ್. ನಾಗರಾಜರ 'ಸಾಹಿತ್ಯ ಕಥನ'. ಐದು ವರ್ಷಗಳಲ್ಲಿ ನಾಲ್ಕು ಸಲ ವಿಮರ್ಶೆ, ಸಂಶೋಧನೆಯೇ ಗೆದ್ದಿದೆ. ಆಮೇಲೂ ಎಂ.ಎಂ. ಕಲಬುರ್ಗಿಯವರ 'ಮಾರ್ಗ 4' (2006), ರಹಮತ್ ತರೀಕೆರೆಯವರ 'ಕತ್ತಿಯಂಚಿನ ದಾರಿ' (2010), ಸಿ.ಎನ್. ರಾಮಚಂದ್ರನ್ ಅವರ 'ಆಖ್ಯಾನ-ವ್ಯಾಖ್ಯಾನ' (2013) ಬಂದಿವೆ. ಸೃಜನಶೀಲರೇ ಮುನಿಸಿಕೊಳ್ಳಬೇಕಾದ ಪಟ್ಟಿ ಇದು.

ಇವುಗಳಲ್ಲಿ ಅದ್ಭುತದ ಬಗ್ಗೆ ಬರೆದದ್ದು ಯಾವುದು ಎಂಬ ಪ್ರಶ್ನೆ ಬೇರೆ. ಆ ಹೆಸರಿನ ವಿಭಾಗ ನಮ್ಮಲ್ಲಿಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳಲ್ಲಿ ಸಾಹಿತ್ಯ ವಿಮರ್ಶೆ, ಸಂಶೋಧನೆ, ವಿಜ್ಞಾನ ಸಾಹಿತ್ಯ ಎಂದೆಲ್ಲ ವಿಭಾಗಗಳಿವೆ, ಎಲ್ಲೂ ಸೇರದ್ದಕ್ಕೆ 'ಸಂಕೀರ್ಣ'ವೂ ಇದೆ. ವಿಜ್ಞಾನಕಥೆಯ ಮೇಲೆ ಒಂದು ಅಧ್ಯಯನ ಬಂದರೆ ಅದನ್ನು ವಿಜ್ಞಾನದವರು ಸಾಹಿತ್ಯದ ಕಡೆ, ಸಾಹಿತ್ಯದವರು ವಿಜ್ಞಾನದ ಕಡೆ ತಳ್ಳುವ ಸಂಭವವೇ ಹೆಚ್ಚು. ಆದರೂ ಹುಡುಕಿದರೆ ಸಿಗುತ್ತದೆ. 1972ರಲ್ಲಿ ಸಂ.ಶಿ. ಭೂಸನೂರಮಠರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಶೂನ್ಯಸಂಪಾದನೆಯ ಪರಾಮರ್ಶೆ' ಎಂಥ ಕೃತಿಯ ವ್ಯಾಖ್ಯಾನ? ಬೇರೆ ಬೇರೆ ಸಂದರ್ಭದ ವಚನಗಳನ್ನು ಜೋಡಿಸಿ, ಶರಣರನ್ನು ಎದುರುಬದುರು ಕೂರಿಸಿ, ಗುಹೇಶ್ವರನನ್ನು ಕಂಡ ಅಲ್ಲಮನನ್ನು ನಾಯಕನನ್ನಾಗಿ ಮಾಡಿದ ದೊಡ್ಡ ಕಲ್ಪನೆಯ ಕಟ್ಟಡ ಅದು. 2023ರಲ್ಲಿ ಲಕ್ಷ್ಮೀಶ ತೋಳ್ಪಾಡಿಯವರ 'ಮಹಾಭಾರತ ಅನುಸಂಧಾನದ ಭಾರತಯಾತ್ರೆ'ಗೆ ಅದೇ ಪ್ರಶಸ್ತಿ ಬಂತು. ಮಹಾಭಾರತಕ್ಕಿಂತ ದೊಡ್ಡ ಅದ್ಭುತಕಥೆ ಯಾವ ಭಾಷೆಯಲ್ಲಿದೆ?

ತಪ್ಪು ಕಲ್ಪನೆ: ಪವಾಡವನ್ನು ಕೇರಿ ಎಸೆದರೆ ಉಳಿಯುವುದೇ ನಿಜವಾದ ಸಂಶೋಧನೆ

ವಾಸ್ತವ: ನಮ್ಮ ಕಡೆ ಅತಿ ಆಳಕ್ಕೆ ಬೇರಿಳಿದ ಕಲ್ಪನೆ ಇದೇ. ಸಂತರ ಮೇಲೆ ಬಂದ ಪುಸ್ತಕ ತೆರೆದರೆ ಅರ್ಧ ಭಾಗ ಕಾಲ, ಜನ್ಮಸ್ಥಳ, ಗುರು ಯಾರು, ಶಿಷ್ಯ ಯಾರು. ಪವಾಡದ ಮಾತು ಬಂದ ಕೂಡಲೇ 'ಉತ್ಪ್ರೇಕ್ಷೆಯನ್ನು ಬದಿಗಿಟ್ಟು ನೋಡಿದರೆ' ಎಂಬ ಸಾಲು ತಪ್ಪದೆ ಬರುತ್ತದೆ. ಭಕ್ತರು ಪವಾಡವನ್ನು ನಂಬಿ ಸುಮ್ಮನಾಗುತ್ತಾರೆ, ಸಂಶೋಧಕರು ನಂಬದೆ ಸುಮ್ಮನಾಗುತ್ತಾರೆ. ಓದುವ ಕೆಲಸ ಇಬ್ಬರಿಂದಲೂ ಆಗುವುದಿಲ್ಲ.

ಇಂಗ್ಲಿಷಿನವರದೂ ಇದೇ ಕಥೆಯಾಗಿತ್ತು. 'ಬೇವುಲ್ಫ್' ಎಂಬ ಅವರ ಪ್ರಾಚೀನ ಕಾವ್ಯದಲ್ಲಿ ವೀರನೊಬ್ಬ ಗ್ರೆಂಡೆಲ್ ಎಂಬ ರಕ್ಕಸನನ್ನು, ಅವನ ತಾಯಿಯನ್ನು, ಮುಪ್ಪಿನಲ್ಲಿ ಒಂದು ಬೆಂಕಿಯುಗುಳುವ ಘಟಸರ್ಪವನ್ನು ಎದುರಿಸುತ್ತಾನೆ. ವಿದ್ವಾಂಸರು ಕಾವ್ಯದೊಳಗಿನ ರಾಜವಂಶ, ಬುಡಕಟ್ಟು, ಭಾಷೆಯ ಚರಿತ್ರೆ ಹೆಕ್ಕಿಕೊಂಡು, ಇಷ್ಟು ಒಳ್ಳೆಯ ಕವಿ ರಕ್ಕಸರನ್ನು ನಡುವೆ ಕೂರಿಸಿ ಕೆಡಿಸಿದನಲ್ಲ ಎಂದು ಕೊರಗುತ್ತಿದ್ದರು. 1936ರ ನವೆಂಬರಿನಲ್ಲಿ ಟೋಲ್ಕಿನ್ ಬ್ರಿಟಿಷ್ ಅಕಾಡೆಮಿಯಲ್ಲಿ ಒಂದು ಉಪನ್ಯಾಸ ಕೊಟ್ಟರು. ರಕ್ಕಸರೇ ಕಾವ್ಯದ ನಡುಗಂಬ, ಸೋಲು ಖಚಿತ ಎಂದು ಗೊತ್ತಿದ್ದೂ ಹೋರಾಡುವ ಮನುಷ್ಯನ ಕಥೆ ಹೇಳಲು ಕವಿಗೆ ರಕ್ಕಸರೇ ಬೇಕಿತ್ತು ಎಂದು ವಾದಿಸಿದರು. ಅವರ 'ಹಾಬಿಟ್' ಕಾದಂಬರಿ ಇನ್ನೂ ಅಚ್ಚಾಗಿರಲಿಲ್ಲ. ಆ ಒಂದು ಉಪನ್ಯಾಸದಿಂದ 'ಬೇವುಲ್ಫ್' ಓದುವ ಕ್ರಮವೇ ತಿರುಗಿತು. ಅದೇ ಕಾವ್ಯದ ಹೊಸ ಅನುವಾದವೊಂದು, ಮರಿಯಾ ದಹವಾನಾ ಹೆಡ್ಲಿಯವರದು, 2021ರಲ್ಲಿ ಹ್ಯೂಗೊ ಪಡೆಯಿತು.

ಅದ್ಭುತ ಬಿಟ್ಟು ಚರಿತ್ರೆ ಹೆಕ್ಕುವುದಕ್ಕೆ ಸುರಪುರದ ಸುತ್ತ ಸರಿಯಾದ ಉದಾಹರಣೆ ಜೈಮಿನಿ ಭಾರತದ ಲಕ್ಷ್ಮೀಶ. ಕವಿಯ ದೇವಪುರ ಎಂದರೆ ಸುರಪುರದ ಬಳಿಯ ದೇವಾಪುರವೋ ಕಡೂರು ತಾಲ್ಲೂಕಿನ ದೇವನೂರೋ ಎಂದು ಎಷ್ಟು ಕಾಗದ ಖರ್ಚಾಗಿದೆ! ಆದರೆ ಆ ಕಾವ್ಯದೊಳಗೆ ಪ್ರಮೀಳೆಯ ಸ್ತ್ರೀರಾಜ್ಯವಿದೆ. ಯಾಗದ ಕುದುರೆಯ ಹಿಂದೆ ಹೋದ ಅರ್ಜುನ ಅಲ್ಲಿ ತಬ್ಬಿಬ್ಬಾಗುತ್ತಾನೆ. ಬಭ್ರುವಾಹನ ತಂದೆಯ ತಲೆ ಉರುಳಿಸುತ್ತಾನೆ, ಪಾತಾಳದಿಂದ ಸಂಜೀವಕ ಮಣಿ ತಂದು ಬದುಕಿಸುತ್ತಾರೆ. ಹೆಣ್ಣುಗಳೇ ಆಳುವ ನಾಡನ್ನು ಆ ಕಾಲದ ಕವಿಯೊಬ್ಬ ಯಾಕೆ ಅಷ್ಟು ಸಂಭ್ರಮದಿಂದ ಕಲ್ಪಿಸಿದ, ಕೊನೆಗೆ ಯಾಕೆ ಮದುವೆಯಲ್ಲಿ ಮುಗಿಸಿದ ಎಂಬುದರ ಮೇಲೆ ಬರೆಯುವುದಕ್ಕೆ ಕವಿಯ ಊರು ಯಾವುದಾದರೇನು? ನನಗಂತೂ ದೇವಾಪುರ ಗೆದ್ದರೂ ಸೋತರೂ ನಡೆಯುತ್ತದೆ.

ತಪ್ಪು ಕಲ್ಪನೆ: ಕಾಲಜ್ಞಾನವೇ ನಮ್ಮ ವಿಜ್ಞಾನಕಥೆ, ರೈಲು, ವಿಮಾನ ಎಲ್ಲ ಕಾಲಜ್ಞಾನಿಗಳು ಮೊದಲೇ ಹೇಳ್ಯಾರ

ವಾಸ್ತವ: ಅಭಿಮಾನದ ಮಾತು, ಆದರೆ ಕಾಲಜ್ಞಾನಕ್ಕೇ ಅನ್ಯಾಯ ಮಾಡುವ ಮಾತು. ವಿಜ್ಞಾನಕಥೆಗಾರ ತಾನು ಕಲ್ಪಿಸುತ್ತಿದ್ದೇನೆ ಎಂದು ಒಪ್ಪಿಕೊಂಡೇ ಬರೆಯುತ್ತಾನೆ. ಓದುಗನೂ ಆ ಒಪ್ಪಂದದ ಮೇಲೆಯೇ ಓದುತ್ತಾನೆ. ಕಾಲಜ್ಞಾನ ಹೇಳುವವರು ಕಂಡದ್ದನ್ನು ಹೇಳುತ್ತೇನೆ ಎನ್ನುತ್ತಾರೆ. ಇಬ್ಬರೂ ಬಳಸುವುದು ಭವಿಷ್ಯತ್ಕಾಲವಾದರೂ ಅವರ ಕೆಲಸ ಒಂದಲ್ಲ.

ಕಾಲಜ್ಞಾನದ ಪಠ್ಯವೊಂದನ್ನು ಮುಂದಿಟ್ಟುಕೊಂಡು ನಿಧಾನ ಓದಿ. ಮೊದಲ ಭಾಗದಲ್ಲಿ ಹೇಳಿದ್ದೆಲ್ಲ ಚಾಚೂ ತಪ್ಪದೆ ನಡೆದಿರುತ್ತದೆ: ಇಂಥ ಪಟ್ಟಣ ಹಾಳಾದೀತು, ಇಂಥ ಸಿಂಹಾಸನ ಉರುಳೀತು. ವಿಜಯನಗರದ ಕುಸಿತ ಇಂಥ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಹಂತ ದಾಟಿದ ಮೇಲೆ ಮಾತು ಮಂಜಾಗುತ್ತದೆ. ಹೆಸರುಗಳು ಮಾಯವಾಗಿ ಕುರುಹುಗಳು ಬರುತ್ತವೆ, ಕಲ್ಲು ಮಾತಾಡುತ್ತದೆ, ನಡೆಯಬಾರದ್ದು ನಡೆಯುತ್ತದೆ. ನಿಖರತೆ ಎಲ್ಲಿ ನಿಲ್ಲುತ್ತದೋ ಅಲ್ಲೇ ಬರೆದವನ ಕಾಲ ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. 1565ರ ರಕ್ಕಸತಂಗಡಿ ಯುದ್ಧವನ್ನು ವಿವರವಾಗಿ 'ಮುಂದೆ ಆದೀತು' ಎನ್ನುವ ಸಾಲು ಆ ಯುದ್ಧದ ನಂತರ ಸೇರಿರುವ ಸಾಧ್ಯತೆಯೇ ಹೆಚ್ಚು. ಆದದ್ದನ್ನು ಆಗಲಿರುವುದೆಂದು ಹೇಳಿ ಕೇಳುಗನ ನಂಬಿಕೆ ಗಳಿಸಿ, ನಂತರ ಇನ್ನೂ ಆಗದೇ ಇರುವುದಕ್ಕೆ ಕೈ ಹಿಡಿದು ಕರೆದೊಯ್ಯುವ ಕಥನಕಲೆ ಇದು. ಇದನ್ನು ಮೋಸ ಎಂದು ಕರೆದು ಕೈ ತೊಳೆದುಕೊಳ್ಳುವವರು, ಯುದ್ಧದಲ್ಲಿ ಬೆಂದ ಜನಕ್ಕೆ 'ಇದೂ ಲೆಕ್ಕದಲ್ಲಿತ್ತು, ಮುಂದೆ ಒಳ್ಳೆಯದೂ ಇದೆ' ಎಂಬ ಮಾತು ಏನಾಗಿ ಕೇಳಿಸಿತ್ತು ಎಂದು ಯೋಚಿಸಿದಂತಿಲ್ಲ.

ಆ ಒಳ್ಳೆಯದಕ್ಕೆ ಒಂದು ಹೆಸರೂ ಇದೆ: ವೀರವಸಂತರಾಯ. ಅವನು ಬರುತ್ತಾನೆ, ಕಲ್ಯಾಣವನ್ನು ಮತ್ತೆ ಕಟ್ಟುತ್ತಾನೆ ಎಂದು ಕನ್ನಡದ ಕಾಲಜ್ಞಾನಗಳು ಹೇಳುತ್ತವೆ. ಬಿಜ್ಜಳನ ಕಾಲದಲ್ಲಿ ಚದುರಿಹೋದ ಕಲ್ಯಾಣ ನೂರಾರು ವರ್ಷಗಳ ನಂತರವೂ ಮುಂದೆ ಬರಬೇಕಾದ ಊರಾಗಿಯೇ ಉಳಿಯಿತು. ಮರಳಿ ಬರುವ ರಾಜನ ಕಲ್ಪನೆ ಬ್ರಿಟನ್ನಿನ ಆರ್ಥರನಿಂದ ಹಿಡಿದು ಟೋಲ್ಕಿನ್ನನ ಕಾದಂಬರಿಯವರೆಗೆ ಹಬ್ಬಿದೆ, ಅದರ ಮೇಲೆ ಕಪಾಟುಗಟ್ಟಲೆ ಪುಸ್ತಕಗಳಿವೆ. ವಸಂತರಾಯನನ್ನು ಅವರ ಪಕ್ಕ ನಿಲ್ಲಿಸಿ ಬರೆದ ಒಂದು ದೊಡ್ಡ ಕನ್ನಡ ಗ್ರಂಥ ಬಂದರೆ, ಅದು ಯಾವ ದೇಶದ ತೀರ್ಪುಗಾರರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ಕೆಲಸ ಸುಲಭದ್ದಲ್ಲ. ಕೊಡೇಕಲ್ಲ ಪರಂಪರೆಯ ಹಸ್ತಪ್ರತಿಗಳು ಅಮರಗನ್ನಡ ಎಂಬ ಗುಪ್ತಲಿಪಿಯಲ್ಲಿವೆ. ಕನ್ನಡ ಓದಲು ಬಂದ ಮಾತ್ರಕ್ಕೆ ಅವು ಬಾಯಿ ಬಿಡುವುದಿಲ್ಲ. ಬಸವಲಿಂಗ ಸೊಪ್ಪಿಮಠರಂಥ ಸಂಶೋಧಕರು ಕೊಡೇಕಲ್ಲ ಬಸವಣ್ಣನ ಅಧ್ಯಯನಕ್ಕೆ ಕೂತದ್ದರಿಂದಲೇ ಹೊರಗಿನವರಿಗೆ ಬಾಗಿಲು ತೆರೆಯಿತು. ಲಿಪಿ ಬಿಡಿಸುವ ಮೊದಲ ಕೆಲಸವಾದ ಮೇಲೆ ಕಲ್ಪನೆಯನ್ನು ಬಿಡಿಸುವ ಎರಡನೆಯ ಕೆಲಸ.

ತಪ್ಪು ಕಲ್ಪನೆ: ಇಂಥ ಗದ್ಯ ಕಥೆಯ ಬೆನ್ನಿಗೆ ಬಿದ್ದ ಪರಾವಲಂಬಿ

ವಾಸ್ತವ: ಗಿರೀಶ ಕಾರ್ನಾಡರ 'ನಾಗಮಂಡಲ' ನೋಡಿದವರಿಗೆ ಇದರ ಉತ್ತರ ಗೊತ್ತಿರುತ್ತದೆ. ಗಂಡನ ವೇಷದಲ್ಲಿ ಬರುವ ಹಾವಿನ ಕಥೆ, ಗುಡಿಯಲ್ಲಿ ದೀಪಗಳು ಸೇರಿ ಹರಟುವ ಕಥೆ, ಎರಡನ್ನೂ ಕಾರ್ನಾಡರು ಕೇಳಿದ್ದು ಎ.ಕೆ. ರಾಮಾನುಜನ್ ಅವರಿಂದ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದ ಅಜ್ಜಿಯರ ಕಥೆಗಳನ್ನು ಕೂಡಿಡುತ್ತ, ಅವುಗಳ ಬಗ್ಗೆ ಬರೆಯುತ್ತ ಬಂದವರು. ಅಧ್ಯಯನದ ಕಣಜದಿಂದ ನಾಟಕ ಹುಟ್ಟಿತು. 1991ರಲ್ಲಿ ಚಂದ್ರಶೇಖರ ಕಂಬಾರರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಸಿರಿಸಂಪಿಗೆ'ಯಲ್ಲೂ ತನ್ನನ್ನು ಎರಡು ಹೋಳು ಮಾಡಿಕೊಂಡ ರಾಜಕುಮಾರನ ಒಂದು ಪಾಲು ಹಾವಾಗುತ್ತದೆ. ಕಂಬಾರರೂ ಜಾನಪದ ಸಂಗ್ರಹ, ಅಧ್ಯಯನ ಮಾಡಿದವರೇ.

ತಪ್ಪು ಕಲ್ಪನೆ: ಪ್ರಶಸ್ತಿ ಎಂದರೆ ಬೆಂಗಳೂರು, ದಿಲ್ಲಿ, ತಿಂಥಣಿಗೂ ಅದಕ್ಕೂ ಏನು ಸಂಬಂಧ?

ವಾಸ್ತವ: ತಿಂಥಣಿ ಬ್ರಿಡ್ಜ್ ಬಳಿಯ ಕನಕಗುರು ಪೀಠದಲ್ಲಿ ಜನವರಿಯಲ್ಲಿ ನಡೆಯುವ ಹಾಲುಮತ ಸಂಸ್ಕೃತಿ ವೈಭವದಲ್ಲಿ ಪ್ರಶಸ್ತಿ ಪ್ರದಾನವೂ ಇರುತ್ತದೆ. ಹೊಳೆಯ ದಂಡೆಗೆ ಪ್ರಶಸ್ತಿ ಎಂಬುದು ಹೊಸತಲ್ಲ. ಹೊರಗಿನ ಪ್ರಶಸ್ತಿಗಳೂ ದೊಡ್ಡ ಸರ್ಕಾರಗಳಿಂದ ಹುಟ್ಟಿದವಲ್ಲ. ಮಿಥೊಪೊಯಿಕ್ ಸೊಸೈಟಿ 1967ರಲ್ಲಿ ಶುರುವಾದದ್ದು ಟೋಲ್ಕಿನ್ ಕಥೆ ಓದಿ ಹರಟುವ ಓದುಗರ ಕೂಟವಾಗಿ. ನಾಲ್ಕು ವರ್ಷದಲ್ಲಿ ಅದು ವಿದ್ವತ್ತಿಗೆ ಬಹುಮಾನ ಕೊಡತೊಡಗಿತು.

ಮೌನೇಶ್ವರರ ಪವಾಡಗಳಲ್ಲಿ ಬಿಜಾಪುರದ ಸುಲ್ತಾನ ಯಾಕೆ ಬರುತ್ತಾನೆ, ಕಮ್ಮಾರ, ಬಡಿಗ, ಅಕ್ಕಸಾಲಿಗರ ಕುಲದಲ್ಲಿ ಹುಟ್ಟಿದವನ ಪವಾಡಕ್ಕೂ ಕೈಕಸುಬಿಗೂ ಏನು ನಂಟು, ಒಂದೇ ಕಥೆಯನ್ನು ಹಿಂದೂ ಭಕ್ತರು ಹೇಳುವಾಗ ಏನು ಸೇರುತ್ತದೆ, ಮುಸ್ಲಿಂ ಭಕ್ತರು ಹೇಳುವಾಗ ಏನು ಬಿಡುತ್ತದೆ ಎಂಬಿಷ್ಟನ್ನೇ ಹಿಡಿದು ಕಲಬುರಗಿಯ ಒಬ್ಬ ಎಂ.ಎ. ವಿದ್ಯಾರ್ಥಿ ನೂರು ಪುಟ ಬರೆಯಬಹುದು. ಅದಕ್ಕೊಂದು ಬಹುಮಾನ ಇಡಲು ಹತ್ತು ಜನ ಓದುಗರು, ಒಂದು ತೂಗುವ ಕಣ್ಣು, ಜಾತ್ರೆಯ ದಿನ ಒಂದು ಮೈಕು ಸಾಕು. ನಗದು ಇಲ್ಲದಿದ್ದರೂ ನಡೆಯುತ್ತದೆ, ಹ್ಯೂಗೊದವರೂ ಕೊಡುವುದಿಲ್ಲ.